ಹಡಗಿನ ರೇಟು ಇಳಿಯುವ ತನಕ

ದೋಣಿಗಲ್ ಸುತ್ತಮುತ್ತಲಿನವರಿಗೆ ಕಾಳುಮೆಣಸಿನ ರೇಟು ಏರುತ್ತದೋ ಇಳಿಯುತ್ತದೋ ತಿಳಿಯಬೇಕಾದರೆ ಪೇಪರ್ ಓದಬೇಕಾಗಿರಲಿಲ್ಲ. ಯೋಗಾನಂದ ಮೆಣಸು ಕೂಡಿಡುವ ಸ್ಟೋರಿನ ಬಾಗಿಲು ನೋಡಿದರೆ ಸಾಕಿತ್ತು. ಬೀಗ ಬಿದ್ದಿದ್ದರೆ ಇನ್ನೂ ಏರುತ್ತದೆ ಅಂತ ಅರ್ಥ. ಬಾಗಿಲು ತೆರೆದು ಮೂಟೆಗಳು ಹೊರಬಂದವೋ, ಅವತ್ತು ಸಂಜೆಯೊಳಗೆ ಊರಿನ ಅರ್ಧ ಮೆಣಸು ಸಕಲೇಶಪುರದ ದಾರಿ ಹಿಡಿಯುತ್ತಿತ್ತು. ಹಾಗಂತ ಅವನೇನು ದೊಡ್ಡ ಎಸ್ಟೇಟಿನ ಧಣಿಯಲ್ಲ. ಗುಡ್ಡದ ಒಂದು ಮಗ್ಗುಲಲ್ಲಿ ರೋಬಸ್ಟಾ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಅಷ್ಟೆ. ಆದರೆ ಕಾಯುವುದರಲ್ಲಿ ಅವನನ್ನು ಮೀರಿಸುವವರು ಆ ಘಾಟಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹಿಂದೊಂದು ವರ್ಷ ರೇಟು ಪಾತಾಳ ಕಂಡಾಗ ಎಲ್ಲರೂ ಸಿಕ್ಕಿದಷ್ಟು ಸಿಗಲಿ ಎಂದು ಮಾರಿ ಕೈತೊಳೆದುಕೊಂಡರು. ಈ ಪುಣ್ಯಾತ್ಮ ಮಾತ್ರ ಮೂಟೆ ಮುಟ್ಟಲಿಲ್ಲ. ಒಂದು ಮಳೆಗಾಲ ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಜನ ಹಿಂದಿನಿಂದ ನಕ್ಕರು. ಆಮೇಲೆ ರೇಟು ಏರಿತು ನೋಡಿ, ನಕ್ಕವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ 'ತಾಳಿದವನು ಬಾಳಿಯಾನು' ಎಂಬ ಗಾದೆ ಯೋಗಾನಂದನ ಸ್ವಂತ ಆಸ್ತಿಯಾಗಿಬಿಟ್ಟಿತು. ಯಾರು ಏನು ಕೇಳಲಿ, ಮೊದಲು ಅದನ್ನೇ ಹೇಳುತ್ತಿದ್ದ.

ಅವನ ಮೆಣಸು ಕೊಳ್ಳುತ್ತಿದ್ದವರು ಸಕಲೇಶಪುರದ ಇಸ್ಹಾಕ್ ಸಾಬರು. ವ್ಯಾಪಾರದಲ್ಲಿ ಕೂದಲು ನರೆತವರು, ಮಾತು ಕಮ್ಮಿ. ಒಂದು ದಿನ ತಕ್ಕಡಿ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ ಹೇಳಿದ್ದರು. "ಯೋಗಣ್ಣ, ಮೆಣಸು ಕೆಡಲ್ಲ. ಒಣಗಿಸಿ ಇಟ್ರೆ ಎಷ್ಟು ವರ್ಷ ಆದ್ರೂ ಮೆಣಸು ಮೆಣಸೇ. ಅದುಕ್ಕೇ ನಿಮ್ಮ ಆಟ ನಡೀತೈತೆ." ಯೋಗಾನಂದ ಅದನ್ನು ಹೊಗಳಿಕೆ ಅಂದುಕೊಂಡು ನಗುನಗುತ್ತಾ ಮನೆಗೆ ಬಂದಿದ್ದ. ಮಾತಿನ ಇನ್ನೊಂದು ತುದಿ ಅವನಿಗೆ ಅರ್ಥವಾಗಲು ಬಹಳ ದಿನ ಹಿಡಿಯಿತು.

ಅವನ ಹೆಂಡತಿ ಸುಮಿತ್ರಮ್ಮ ಆಲೂರು ತಾಲ್ಲೂಕಿನ ಮಗ್ಗೆಯವಳು. ಮದುವೆಯಾಗಿ ಬಂದಾಗಿನಿಂದ ಗಂಡನ ಹತ್ತಿರ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿದವಳಲ್ಲ. ಏನೂ ಕೇಳದ ಹೆಂಡತಿ ಸಿಗುವುದು ಪುಣ್ಯ ಅನ್ನುತ್ತಾರೆ. ಅದು ಗಂಡಸರು ಸೇರಿ ಮಾಡಿಕೊಂಡ ಮಾತು, ಹೆಂಗಸರನ್ನು ಯಾರೂ ಕೇಳಿದಂತಿಲ್ಲ. ಹಬ್ಬಕ್ಕೆ ಸೀರೆ ಅವನೇ ತರುತ್ತಿದ್ದ, ಮನೆಗೆ ಬಣ್ಣ ಅವನೇ ಆರಿಸುತ್ತಿದ್ದ. ಒಬ್ಬಳೇ ಮಗಳು ಚೈತ್ರಶ್ರೀಯನ್ನು ಆಲೂರಿಗೇ ಕೊಟ್ಟರು, ವಾರಕ್ಕೊಮ್ಮೆ ಬಂದು ಹೋಗುವಷ್ಟು ಹತ್ತಿರ. ಇನ್ನೇನು ಕೊರತೆ ಅಂತ ಯೋಗಾನಂದ ಅಂದುಕೊಂಡಿದ್ದ.

ಹೀಗಿರುವಾಗ ಒಂದು ದೀಪಾವಳಿಗೆ ಸುಮಿತ್ರಮ್ಮನ ತಂಗಿಯ ಮಗಳು ಆಶಾ ಬಂದಳು. ಅವಳು ಗಂಡನ ಜೊತೆ ಮುಂಬೈಯಿಂದ ದೊಡ್ಡ ಹಡಗು ಹತ್ತಿ ಲಕ್ಷದ್ವೀಪದ ಕಡೆ ಸುತ್ತಿ ಬಂದಿದ್ದಳು. ಫೋನಿನಲ್ಲಿ ಒಂದೊಂದೇ ಫೋಟೋ ತೋರಿಸಿದಳು. ಹಡಗಿನೊಳಗೆ ಹೋಟೆಲು, ಈಜುಕೊಳ, ನಾಟಕದ ಹಾಲ್. ಸುಮಿತ್ರಮ್ಮ ಅವುಗಳನ್ನೆಲ್ಲ ಹೂಂ ಹೂಂ ಅಂತ ದಾಟಿಸಿದಳು. ಕೊನೆಗೊಂದು ಫೋಟೋದಲ್ಲಿ ಏನೂ ಇರಲಿಲ್ಲ. ಕೆಳಗೆ ನೀರು, ಮೇಲೆ ಆಕಾಶ, ನಡುವೆ ಒಂದು ಗೆರೆ. ಅದನ್ನು ಮಾತ್ರ ಅವಳು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದಳು.

ಆಶಾ ಹೊರಟ ಮೇಲೆ, ಸಂಜೆ ಜಗುಲಿಯಲ್ಲಿ ಕೂತಾಗ ಕೇಳಿದಳು. "ರೀ, ಒಂದು ಮಾತು ಕೇಳ್ಲಾ?"

"ಕೇಳು."

"ಹುಟ್ಟಿದ್ದು ಮಗ್ಗೇಲಿ, ಬಂದಿದ್ದು ಇಲ್ಲಿಗೆ. ಎಲ್ಲಿ ನಿಂತ್ರೂ ಎದುರಿಗೊಂದು ಗುಡ್ಡ ಇದ್ದೇ ಇರ್ತೈತೆ. ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಎಷ್ಟು ಸಲ ಘಾಟಿ ಇಳಿದ್ರೂ ಸಮುದ್ರದ ತನಕ ಒಂದಿನ ಹೋಗ್ಲಿಲ್ಲ. ಕಣ್ಣಿಗೆ ಏನೂ ಅಡ್ಡ ಬರ್ದಿರೋ ಜಾಗ ಒಂದ್ಸಲ ನೋಡ್ಬೇಕು ಕಣ್ರೀ. ಆಶಾ ಹೋದಂಥ ಹಡಗಲ್ಲಿ, ನಾವಿಬ್ರೂ. ನೀವು ಪಕ್ಕದಲ್ಲಿದ್ರೆ ನಂಗೆ ನೀರಂದ್ರೆ ಭಯ ಆಗಲ್ಲ."

ಯೋಗಾನಂದನಿಗೆ ಮೊದಲು ನಗು ಬಂತು, ಆಮೇಲೆ ಹೆಂಡತಿಯ ಮುಖ ನೋಡಿ ಎದೆ ತುಂಬಿ ಬಂತು. "ಹೋಗಣ ಬಿಡೇ. ಅದೇನ್ ದೊಡ್ಡ ಮಾತು," ಅಂದ. ಅವನ ಮಾತಿನಲ್ಲಿ ಒಂದು ಸಾಸಿವೆಯಷ್ಟೂ ಸುಳ್ಳಿರಲಿಲ್ಲ. ಹಣಕ್ಕೂ ಅವತ್ತು ಅಡ್ಡಿಯಿರಲಿಲ್ಲ. ಮಾರನೆಯ ದಿನವೇ ಹಾಸನಕ್ಕೆ ಹೋಗಿ ಟಿಕೆಟ್ ಮಾಡಿಸಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಾರನೆಯ ದಿನ ಹಾಸನಕ್ಕೇನೋ ಹೋದ. ಅಲ್ಲಿ ಹೇಮಶ್ರೀ ಎಂಬ ಹುಡುಗಿ ಪ್ರವಾಸದ ಟಿಕೆಟ್ ಮಾಡಿಸುವ ಆಫೀಸು ಇಟ್ಟುಕೊಂಡಿದ್ದಳು. ಚುರುಕು ಹುಡುಗಿ. ಅವಳು ಕಂಪ್ಯೂಟರ್ ಅವನ ಕಡೆ ತಿರುಗಿಸಿ ತಿಳಿಸಿ ಹೇಳಿದಳು.

"ಅಂಕಲ್, ಹಡಗಿನ ರೇಟು ಬಸ್ಸಿನ ರೇಟಿನ ಥರ ಅಲ್ಲ. ದಿನಾ ಬದಲಾಗುತ್ತೆ. ಕಮ್ಮಿಗೆ ಸಿಗೋದು ಎರಡೇ ಹೊತ್ತಲ್ಲಿ. ಮುಂದಿನ ಸೀಸನ್ನಿನ ಬುಕಿಂಗ್ ಶುರುವಾದ ಕೂಡ್ಲೇ ಮಾಡಿದ್ರೆ ಒಳ್ಳೇ ರೂಮು, ಒಳ್ಳೇ ರೇಟು. ಆಮೇಲೆ ರೂಮು ತುಂಬ್ತಾ ತುಂಬ್ತಾ ಏರುತ್ತೆ. ಕೊನೇಗೆ ಹಡಗು ಹೊರಡೋ ಹೊತ್ತಿಗೂ ರೂಮು ಖಾಲಿ ಉಳಿದಿದ್ರೆ ಧಡಕ್ಕಂತ ಇಳಿಸಿ ಕೊಡ್ತಾರೆ. ಆದ್ರೆ ಉಳಿದ್ರೆ ಮಾತ್ರ. ಅದು ಜೂಜು. ಆಂಟಿಗೆ ಆಸೆ ಅಂತೀರಿ, ನನ್ನ ಕೇಳಿದ್ರೆ ಇವತ್ತೇ ಮಾಡಿಸಿಬಿಡಿ. ಮಾರ್ಚಿನ ಹಡಗಿಗೆ ಈಗ ಚೆನ್ನಾಗಿದೆ ರೇಟು."

ಯೋಗಾನಂದನ ಕಿವಿಗೆ ಬಿದ್ದದ್ದು 'ಧಡಕ್ಕಂತ ಇಳಿಸಿ ಕೊಡ್ತಾರೆ' ಅನ್ನುವುದೊಂದೇ. ಅವನ ಕಣ್ಣು ಹೊಳೆಯಿತು. ಇದು ಅವನಿಗೆ ಗೊತ್ತಿದ್ದ ಆಟ. ಏರುವುದಕ್ಕೆ ಕಾಯುವ ಬದಲು ಇಳಿಯುವುದಕ್ಕೆ ಕಾಯಬೇಕು, ಅಷ್ಟೇ ವ್ಯತ್ಯಾಸ. "ಜೂಜಲ್ಲ ಕಣಮ್ಮ, ತಾಳ್ಮೆ," ಅಂದ. "ನೋಡ್ತಿರು. ಇಳಿದಾಗ ನಂಗೊಂದು ಫೋನ್ ಹಾಕು." ಹೇಮಶ್ರೀ ತಲೆಯಾಡಿಸಿದಳು. ದೊಡ್ಡವರಿಗೆ ಇನ್ನೇನು ಹೇಳುವುದು.

ಸುಮಿತ್ರಮ್ಮ ಮಾತ್ರ ಹಡಗು ಹೊರಟೇ ಬಿಟ್ಟಿತು ಎಂಬಂತೆ ಸಿದ್ಧವಾಗತೊಡಗಿದಳು. ಹಡಗಿನ ಮೇಲೆ ಗಾಳಿ, ಚಪ್ಪಲಿ ಜಾರುತ್ತದೆ ಅಂತ ಆಶಾ ಹೇಳಿದ್ದಳಂತೆ. ಸಕಲೇಶಪುರಕ್ಕೆ ಹೋಗಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ತಂದಳು. ಜನ್ಮದಲ್ಲಿ ಶೂ ಹಾಕಿದವಳಲ್ಲ. ಕಾಫಿ ಒಣಗಿಸುವ ಕಣದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸೀರೆ ಒಂದಿಷ್ಟು ಮೇಲೆತ್ತಿ, ಶೂ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ನಡೆದು ಅಭ್ಯಾಸ ಮಾಡಿದಳು. ಯೋಗಾನಂದ ಸ್ಟೋರಿನ ಕಿಟಕಿಯಿಂದ ಅದನ್ನು ನೋಡಿದ. ಕರೆದು ಚೇಷ್ಟೆ ಮಾಡಬೇಕು ಅನ್ನಿಸಿತು, ಮಾಡಲಿಲ್ಲ. ಅವಳು ಮದುವೆಯಾದ ಹೊಸದರಲ್ಲಿ ಹೀಗೇ ನಡೆಯುತ್ತಿದ್ದಳು ಅಂತ ನೆನಪಾಗಿ ಸುಮ್ಮನೆ ನಿಂತಿದ್ದ.

ಮಾರ್ಚ್ ಬಂತು. ರೇಟು ಇಳಿಯಿತು. ಹೇಮಶ್ರೀ ಫೋನ್ ಮಾಡಿ, "ಅಂಕಲ್, ಈಗ ಮಾಡಿಸ್ಲಾ?" ಅಂದಳು. ಅವಳ ದನಿಯಲ್ಲಿದ್ದ ಅವಸರವೇ ಯೋಗಾನಂದನಿಗೆ ಅನುಮಾನ ತಂದಿತು. ಅವಸರ ಮಾಡುವವನ ಹತ್ತಿರ ಮೂಟೆ ಬಿಚ್ಚಬೇಡ ಎನ್ನುವುದು ಅವನ ವ್ಯಾಪಾರದ ಮೊದಲ ಪಾಠ. "ಇನ್ನೂ ಇಳೀತೈತೆ, ತಡಿ," ಅಂದ. ಮಾರನೆಯ ದಿನ ಅವಳೇ ಮತ್ತೆ ಫೋನ್ ಮಾಡಿದಳು. ಯಾವುದೋ ಕಂಪನಿಯವರು ತಮ್ಮ ಡೀಲರುಗಳನ್ನು ಕರೆದುಕೊಂಡು ಹೋಗಲಿಕ್ಕೆ ಉಳಿದ ರೂಮುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದರು.

ಸುಮಿತ್ರಮ್ಮ ತುಂಬಿಟ್ಟಿದ್ದ ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿ ಮಡಿಸಿಟ್ಟಳು. "ಹೋಗ್ಲಿ ಬಿಡ್ರೀ, ಹಡಗೇನು ಒಂದೇನಾ," ಅಂತ ಅವನನ್ನೇ ಸಮಾಧಾನ ಮಾಡಿದಳು.

ಮಳೆಗಾಲದಲ್ಲಿ ಹಡಗುಗಳು ನಿಂತವು. ದಸರಾ ಕಳೆದು ಮತ್ತೆ ಶುರುವಾದವು. ಕಾಫಿ ಕುಯ್ಲಿಗೆ ಇನ್ನೂ ಸಮಯವಿತ್ತು, ಹೋಗಿಬರಲು ಪ್ರಶಸ್ತ ಕಾಲ. ಸುಮಿತ್ರಮ್ಮ ಮತ್ತೆ ಬ್ಯಾಗು ತುಂಬಿದಳು. ಈ ಸಲ ಸಂತೋಷ ತಡೆಯಲಾರದೆ ಊರಿನ ಹೆಂಗಸರ ಸಂಘದಲ್ಲೂ ಹೇಳಿಬಿಟ್ಟಳು. ಅಲ್ಲಿಂದ ಸುದ್ದಿ ತೋಟದ ಆಳುಗಳಿರುವ ಲೈನಿನ ಮನೆಗಳವರೆಗೂ ಹೋಯಿತು.

ಯೋಗಾನಂದ ಕಾದ. ಕಾದದ್ದು ವ್ಯರ್ಥವಾಗಲಿಲ್ಲ, ಹಡಗು ಹೊರಡುವ ಹತ್ತಿರ ರೇಟು ಅವನೂ ನಂಬಲಾರದಷ್ಟು ಕೆಳಗೆ ಬಂತು. ಆದರೆ ಹೇಮಶ್ರೀ ಫೋನಿನಲ್ಲಿ ಒಂದು ಮಾತು ಸೇರಿಸಿದಳು. "ಉಳಿದಿರೋದು ಒಳಗಡೆ ರೂಮು ಮಾತ್ರ ಅಂಕಲ್. ಕಿಟಕಿ ಇರಲ್ಲ. ಮಲಗೋಕಷ್ಟೇ ತಾನೇ, ಹಗಲೆಲ್ಲ ಮೇಲೆ ಡೆಕ್ಕಿಗೆ ಹೋಗಿ ಕೂತ್ಕೋಬಹುದು."

"ಕಿಟಕಿ ಇಲ್ಲದ ರೂಮಾ? ದುಡ್ಡು ಕೊಟ್ಟು ಸ್ಟೋರ್‌ನಲ್ಲಿ ಮಲಗಿದಂಗಾಯ್ತಲ್ಲಮ್ಮ."

ಸುಮಿತ್ರಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲೇ ನಿಂತಿದ್ದಳು. ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದಳು. "ತಗೊಳ್ರೀ. ಕಿಟಕಿ ಇಲ್ದಿದ್ರೆ ಏನಾಯ್ತು. ನಾನು ಮೇಲೇ ಕೂತಿರ್ತೀನಿ."

ಅವನು ಕೈಸನ್ನೆಯಲ್ಲೇ ಅವಳನ್ನು ಸುಮ್ಮನಿರಿಸಿದ. ಚೌಕಾಸಿ ನಡೆಯುವಾಗ ಮನೆಯವರು ನಡುವೆ ಮಾತಾಡಿದರೆ ರೇಟು ಕೆಡುತ್ತದೆ, ಇದು ಅವನ ವ್ಯಾಪಾರದ ಎರಡನೆಯ ಪಾಠ. "ಕಿಟಕಿ ರೂಮೂ ಇಳಿದಾಗ ಹೇಳಮ್ಮ," ಅಂತ ಫೋನ್ ಇಟ್ಟ. ಹೆಂಡತಿ ಕಡೆ ತಿರುಗಿ, "ನಿಂಗೆ ಒಳ್ಳೇ ರೂಮೇ ಕೊಡಿಸ್ಬೇಕು ಅಂತ ಕಣೇ," ಅಂದ. ಅದೂ ನಿಜವೇ. ಕಿಟಕಿ ರೂಮು ಇಳಿಯಲಿಲ್ಲ. ಹಡಗು ಹೊರಟುಹೋಯಿತು.

ಆ ವಾರದ ಸಂಘದಲ್ಲಿ ದ್ರಾಕ್ಷಾಯಣಿ ಎಲ್ಲರ ಎದುರಿಗೆ ಕೇಳಿದಳು. "ಏನ್ ಸುಮಿತ್ರಕ್ಕ, ಹಡಗಿಂದು ಟೈರ್ ಪಂಚರ್ ಆಗ್ಬುಡ್ತಂತಾ?" ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದ್ರಾಕ್ಷಾಯಣಿ ಕೆಟ್ಟವಳಲ್ಲ, ನಾಲಿಗೆಗೆ ತುರಿಕೆ ಅಷ್ಟೆ. ಸುಮಿತ್ರಮ್ಮನೂ ಅವರ ಜೊತೆ ನಕ್ಕಳು. ಸಂಘದಲ್ಲಿ ಇನ್ನೊಬ್ಬಳು ಸುಮಿತ್ರ ಇದ್ದದ್ದರಿಂದ ಅಂದಿನಿಂದ ಇವಳಿಗೆ 'ಹಡಗಿನ ಸುಮಿತ್ರಕ್ಕ' ಅಂತಲೇ ಹೆಸರಾಯಿತು. ಅಂಗಡಿಗೆ ಹೋದರೂ ಹಡಗು, ಬಸ್ಸಿಗೆ ನಿಂತರೂ ಹಡಗು. ಯೋಗಾನಂದನ ಕಿವಿಗೂ ಅದು ಬಿತ್ತು. ತನ್ನನ್ನು ನೋಡಿ ನಕ್ಕವರು ಕೊನೆಗೆ ಏನಾದರು ಅನ್ನುವುದು ಅವನಿಗೆ ನೆನಪಿತ್ತಲ್ಲ, ಆದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ನಗುವನ್ನು ತಿಂದು ಅರಗಿಸಿಕೊಳ್ಳಬೇಕಾಗಿದ್ದದ್ದು ಈ ಸಲ ತಾನಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಕುಯ್ಲು ಶುರುವಾಯಿತು. ಒಂದು ಬೆಳಿಗ್ಗೆ ಕಾಫಿ ಗಿಡಗಳ ಸಾಲಿನಲ್ಲಿ ಲೈನಿನ ಕಲ್ಯಾಣಮ್ಮ ಹಣ್ಣು ಕೊಯ್ಯುತ್ತಿದ್ದಾಗ ಅವಳ ಕಾಲಿನ ಕಡೆ ಅವನ ಕಣ್ಣು ಹೋಯಿತು. ಕ್ಯಾನ್ವಾಸ್ ಶೂ. ಮಣ್ಣು ಮೆತ್ತಿ ಕಂದು ಬಣ್ಣಕ್ಕೆ ತಿರುಗಿದ್ದರೂ ಅಂಚಿನಲ್ಲಿ ಇನ್ನೂ ಬಿಳುಪು ಇತ್ತು. ಪರವಾಗಿಲ್ಲ, ಮುಳ್ಳಿನ ಕಾಟದಿಂದ ಪಾರಾದಳು ಅಂದುಕೊಂಡು ಮುಂದೆ ಹೋದ. ಆ ಶೂ ಎಲ್ಲಿಂದ ಬಂತು ಅಂತ ಒಂದು ಗಳಿಗೆ ಯೋಚಿಸಿದ್ದರೂ ಆಗುತ್ತಿತ್ತು.

ಕುಯ್ಲು ಮುಗಿಯುವ ಹೊತ್ತಿಗೆ ಇಸ್ಹಾಕ್ ಸಾಬರ ಹೆಂಡತಿ ಶಾಹಜಾದಿ ಮನೆಗೆ ಬಂದು ಕರೆದಳು. ಮಂಗಳೂರಿನಲ್ಲಿ ಅವಳ ಅಣ್ಣನ ಮಗಳು ಆತಿಕಾಳ ಮದುವೆ. ಮೆಣಸಿನ ವ್ಯಾಪಾರದಿಂದ ಶುರುವಾದ ಪರಿಚಯ ಆ ಇಬ್ಬರು ಹೆಂಗಸರ ನಡುವೆ ಗಂಡಸರಿಗೂ ಮೀರಿದ ಸ್ನೇಹವಾಗಿತ್ತು. ಯೋಗಾನಂದನಿಗೆ ಮೆಣಸು ಬಿಡಿಸುವ ಕೆಲಸವಿತ್ತು. ಸಕಲೇಶಪುರದ ಸ್ಟೇಷನ್ನಿಗೆ ತಾನೇ ಹೋಗಿ ಇಬ್ಬರನ್ನೂ ಮಂಗಳೂರಿನ ರೈಲು ಹತ್ತಿಸಿ ಬಂದ. ಎರಡು ದಿನ ಬಿಟ್ಟು ಸುಮಿತ್ರಮ್ಮ ವಾಪಸಾದಳು. ಮುಖ ಒಂದಿಷ್ಟು ಬಿಸಿಲಿಗೆ ಕಂದಿತ್ತು.

"ಊಟ ಹೆಂಗಿತ್ತು?" ಅಂತ ಕೇಳಿದ.

"ಚೆನ್ನಾಗಿತ್ತು."

"ಮಂಗಳೂರಲ್ಲಿ ಮೆಣಸಿನ ರೇಟು ಏನಂತೆ? ಯಾರಾದ್ರೂ ಮಾತಾಡಿದ್ರಾ?"

"ಕೇಳ್ಲಿಲ್ಲ ಕಣ್ರೀ," ಅಂದಳು. ಅವನು ಬೇರೇನೂ ಕೇಳಲಿಲ್ಲ. ಅವಳು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಮತ್ತೆ ಮಾರ್ಚ್. ಕಾಫಿಯವರಿಗೆ ಇದು ನಿದ್ದೆ ಬಾರದ ಕಾಲ. ಗಿಡದಲ್ಲಿ ಮೊಗ್ಗು ಬಲಿತು ನೀರಿಗೆ ಬಾಯ್ಬಿಟ್ಟುಕೊಂಡು ಕೂತಿರುತ್ತದೆ. ಆಗೊಂದು ಹೂಮಳೆ ಬಿದ್ದರೆ ಸರಿ. ಬೀಳದಿದ್ದರೆ ಕೆರೆಗೋ ಹೊಳೆಗೋ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸಿ ತೋಟ ನೆನೆಸಬೇಕು, ಡೀಸೆಲ್ ಎಷ್ಟೇ ಕುಡಿಯಲಿ. ಪಕ್ಕದ ತೋಟದ ಸಿದ್ದು ಇನ್ನೂ ಹೊಸಬ. ಮಳೆ ಮೋಡ ಕಾಣುತ್ತಿದೆ, ನಾಲ್ಕು ದಿನ ನೋಡೋಣ, ಡೀಸೆಲ್ ಉಳಿಯುತ್ತದೆ ಅಂತ ಅವನ ಲೆಕ್ಕ. ಜಗುಲಿಗೆ ಬಂದು ಯೋಗಾನಂದನ ಅಭಿಪ್ರಾಯ ಕೇಳಿದ. ತಾಳಿದವನು ಬಾಳಿಯಾನು ಅನ್ನುತ್ತಾರೆ ಅಂತಲೇ ನಂಬಿಕೊಂಡು ಬಂದಿದ್ದನೋ ಏನೋ.

ಯೋಗಾನಂದ ಸಿಡುಕಿದ. "ಥೂ ನಿನ್ನ, ಇದೇನು ಮೂಟೇಲಿರೋ ಮೆಣಸಾ ಕಾಯಕ್ಕೆ? ಮೊಗ್ಗು ಕಣೋ ಮಾರಾಯ. ಅದು ಕೇಳ್ದಾಗ ನೀರು ಕೊಡ್ಬೇಕು. ನಿನ್ನ ಡೀಸೆಲ್ ರೇಟು ಕೇಳ್ಕೊಂಡು ಅದು ನಿಂತ್ಕೊಳ್ಳಲ್ಲ. ಒಂದ್ಸಲ ಬಾಡ್ತೋ, ಆಮೇಲೆ ಹೊಳೇನೇ ತಂದು ಸುರಿದ್ರೂ ಹೂ ಬರಲ್ಲ. ಹೋಗು, ಇವತ್ತೇ ಪಂಪು ಹಾಕು."

ಸುಮಿತ್ರಮ್ಮ ಇಬ್ಬರಿಗೂ ಕಾಫಿ ತಂದಿದ್ದಳು. ಲೋಟ ಕೈಗೆ ಕೊಡದೆ ಅವನು ಮಾತು ಮುಗಿಸುವವರೆಗೂ ಹಾಗೇ ನಿಂತು ಕೇಳಿಸಿಕೊಂಡಳು. ಆಮೇಲೆ ಲೋಟ ಕೊಟ್ಟು ಒಳಗೆ ಹೋದಳು. ಯೋಗಾನಂದ ಅವತ್ತೇ ತನ್ನ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ. ಸಿದ್ದು ಹೂಂ ಅಂದು ಹೋದವನು ಡೀಸೆಲ್ಲಿನ ಖರ್ಚು ನೋಡಿ ಪಂಪು ಹಾಕದೆ ಉಳಿದ.

ಸ್ಪ್ರಿಂಕ್ಲರ್ ಎತ್ತಿಟ್ಟ ಮಾರನೆಯ ದಿನ ಹೇಮಶ್ರೀಯ ಫೋನ್ ಬಂತು. ಯಾರೋ ಟಿಕೆಟ್ ಬಿಟ್ಟುಕೊಟ್ಟು ಸಮುದ್ರದ ಕಡೆಗೆ ಬಾಲ್ಕನಿ ಇರುವ ರೂಮು ಖಾಲಿಯಾಗಿದೆ, ಹಡಗು ಹೊರಡುವ ದಿನ ಹತ್ತಿರ ಬಂದಿದ್ದರಿಂದ ಸಿಕ್ಕಾಪಟ್ಟೆ ಇಳಿಸಿದ್ದಾರೆ. "ಈ ರೇಟಿಗೆ ದುಡ್ಡು ವಾಪಸ್ ಇಲ್ಲ ಅಂಕಲ್, ಹೆಸರು ಬದಲಾಯಿಸೋಕೂ ಬರಲ್ಲ. ಯೋಚನೆ ಮಾಡಿ ಹೇಳಿ." ಯೋಚನೆ ಎಂಥದ್ದು. ಹಿಂದಿನ ಸಲ ಕಿಟಕಿ ಇಲ್ಲದ ರೂಮಿಗೆ ಕೇಳಿದ್ದಕ್ಕಿಂತ ಇದು ಕಮ್ಮಿ. ಯೋಗಾನಂದ ಬೆಳಗಿನ ಬಸ್ಸಿಗೇ ಹಾಸನಕ್ಕೆ ಹೋಗಿ ದುಡ್ಡು ಕಟ್ಟಿ, ಬರುವಾಗ ಆಲೂರಿನಲ್ಲಿ ಇಳಿದು ಮಗಳಿಗೆ ಹೇಳಿ, ಊರಿನ ಅಂಗಡಿಯಲ್ಲಿ ನಿಂತು ದ್ರಾಕ್ಷಾಯಣಿಯ ಗಂಡನಿಗೂ ಕೇಳಿಸುವಂತೆ ಹೇಳಿ, ಗೆದ್ದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡವನ ಹಾಗೆ ಮನೆಗೆ ಬಂದ.

ಸುಮಿತ್ರಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅವನು ಒಲೆಯ ಪಕ್ಕದಲ್ಲೇ ಮಣೆ ಎಳೆದುಕೊಂಡು ಕೂತ. "ಬಾಲ್ಕನಿ ಇರೋ ರೂಮು ಕಣೇ. ಬಾಗಿಲು ತೆಗೆದ್ರೆ ಸಮುದ್ರ. ಕಾದಿದ್ದಕ್ಕೆ ಸಿಕ್ತೋ ಇಲ್ವೋ? ಎಲ್ಲಿ, ಬ್ಯಾಗು ತೆಗಿ. ಆ ಬಿಳೀ ಶೂ ಹುಡುಕಿಡು."

"ಶೂ ಕಲ್ಯಾಣಮ್ಮನಿಗೆ ಕೊಟ್ಬುಟ್ಟೆ," ಅಂದಳು. "ಕುಯ್ಲಿಗಿಂತ ಮುಂಚೆನೇ."

ಕಾಫಿ ಗಿಡಗಳ ಸಾಲಿನಲ್ಲಿ ಕಂಡ ಮಣ್ಣಿನ ಶೂ ಅವನಿಗೆ ನೆನಪಾಯಿತು. "ಹೋಗ್ಲಿ ಬಿಡು, ಹೊಸದು ತಗೊಂಡ್ರಾಯ್ತು."

ಅವಳು ಕಾವಲಿಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೀವು ಹೋಗ್ಬನ್ನಿ. ನಾನು ಬರಲ್ಲ ಕಣ್ರೀ."

ಅವನು ತಮಾಷೆ ಅಂದುಕೊಂಡ. ಮುಖ ನೋಡಿದಾಗ ತಮಾಷೆ ಅಲ್ಲ ಅಂತ ಗೊತ್ತಾಯಿತು. ಸಿಟ್ಟೂ ಕಾಣಲಿಲ್ಲ. ಅದೇ ಅವನಿಗೆ ದಿಗಿಲು ಹುಟ್ಟಿಸಿತು. "ಕೋಪಾನಾ ನನ್ನ ಮೇಲೆ?"

"ಕೋಪ ಇದ್ದಿದ್ರೆ ಬರ್ತಿದ್ದೆ. ದಾರಿ ಉದ್ದಕ್ಕೂ ನಿಮ್ಮನ್ನ ಬೈಕೊಂಡಾದ್ರೂ ಬರ್ತಿದ್ದೆ. ಈಗ ಆಸೆ ಇಲ್ಲ, ಅಷ್ಟೇಯ. ಇತ್ತು, ತುಂಬಾ ಇತ್ತು. ಎರಡು ಸಲ ಬ್ಯಾಗು ತುಂಬ್ದೆ, ಎರಡು ಸಲ ಬಿಚ್ದೆ. ಎರಡನೇ ಸಲ ಬಿಚ್ಚುವಾಗ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸ್ಕೊಂಡು ಅತ್ತೆ. ಸಂಘದಲ್ಲಿ ನಗ್ತಿದ್ರು, ನಾನೂ ನಗ್ತಿದ್ದೆ. ಆಮೇಲೆ ಹಡಗು ಅಂದ್ರೇನೇ ಮೈ ಮುದುಡಿಕೊಳ್ಳೋ ಹಂಗಾಯ್ತು. ಇನ್ನು ಆಸೆ ಪಡಬಾರ್ದು ಅಂತ ಅವತ್ತೇ ಮನಸ್ಸಿಗೆ ಹೇಳ್ಕೊಂಡೆ. ಈಗ ಹೋಗು ಅಂದ್ರೆ ಅದು ಎದ್ದು ಬರಲ್ಲ."

"ಸಮುದ್ರ ನೋಡ್ಬೇಕು ಅಂತಿದ್ದೆ."

"ನೋಡ್ದೆ," ಅಂದಳು. "ಆತಿಕಾ ಮದುವೆಗೆ ಹೋದಾಗ ಶಾಹಜಾದಿ ಪಣಂಬೂರಿಗೆ ಕರ್ಕೊಂಡು ಹೋದ್ಲು. ಬಂದರಿಂದ ಒಂದು ಹಡಗು ಹೊರಟಿತ್ತು. ದೀಪ ಹತ್ತಿದ್ವು. ಅದು ಗೆರೆ ತನಕ ಹೋಗಿ ಕಾಣದಂಗೆ ಆಗೋವರ್ಗೂ ಇಬ್ರೂ ಕೈ ಹಿಡ್ಕೊಂಡು ನೀರಲ್ಲಿ ನಿಂತಿದ್ವಿ. ಮೊದ್ಲು ನೀವಿಲ್ಲ ಅಂತ ಬೇಜಾರಾಯ್ತು. ಆಮೇಲೆ ಮರ್ತೇ ಹೋಯ್ತು."

ಯೋಗಾನಂದನಿಗೆ ಬೇರೆಲ್ಲ ಮಾತನ್ನೂ ತಡೆದುಕೊಳ್ಳುವುದಾಯಿತು, ಆ ಕೊನೆಯ ಮಾತನ್ನು ತಡೆದುಕೊಳ್ಳುವುದಾಗಲಿಲ್ಲ. "ಬಂದ್ಮೇಲೆ ಒಂದು ಮಾತು ಹೇಳ್ಬಾರ್ದಿತ್ತಾ?" ಅಂದ.

"ನೀವು ಮೆಣಸಿನ ರೇಟು ಕೇಳಿದ್ರಿ," ಅಂದಳು ಸುಮಿತ್ರಮ್ಮ. ಚುಚ್ಚಬೇಕು ಅಂತ ಹೇಳಿದ್ದಲ್ಲ, ನಡೆದದ್ದನ್ನು ಹೇಳಿದಳು. ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ ಪಕ್ಕದಲ್ಲಿ ಬೆಣ್ಣೆ ಇಟ್ಟಳು.

ಆಮೇಲೆ ಅವನು ಮಾಡದ ಪ್ರಯತ್ನವಿಲ್ಲ. ಮಗಳಿಂದ ಹೇಳಿಸಿದ. ಚೈತ್ರಶ್ರೀ ಆಲೂರಿನಿಂದ ಬಂದು ಅಮ್ಮನ ಹತ್ತಿರ ಕೂತು ಮಾತಾಡಿ, ಎದ್ದು ಬಂದು, "ಬಲವಂತ ಮಾಡ್ಬೇಡ ಅಪ್ಪ," ಅಂದಳು. ಶಾಹಜಾದಿಯನ್ನಾದರೂ ಕರೆದುಕೊಂಡು ಹೋಗಲಿ ಅಂತ ಹೇಮಶ್ರೀಗೆ ಫೋನ್ ಮಾಡಿದರೆ, ಹೆಸರು ಬದಲಾ​ಯಿಸಲು ಬರುವುದಿಲ್ಲವೆಂದು ಅವತ್ತೇ ಹೇಳಿದ್ದೆನಲ್ಲ ಅಂದಳು. ಒಬ್ಬನೇ ಹೋಗುವುದನ್ನೂ ಒಂದು ಗಳಿಗೆ ಯೋಚಿಸಿದ. ಆ ಬಾಲ್ಕನಿಯಲ್ಲಿ ಒಬ್ಬನೇ ಕೂತು ಏನು ನೋಡುವುದು? ಅವನು ಕಾಫಿ ಲಾರಿಯ ಜೊತೆ ಎಷ್ಟೋ ಸಲ ಮಂಗಳೂರಿಗೆ ಹೋಗಿದ್ದವನೇ. ಗೋಡೌನು ನೋಡಿ, ತೂಕ ನೋಡಿ, ಅದೇ ಲಾರಿಯಲ್ಲಿ ವಾಪಸ್ ಬಂದಿದ್ದ. ಸಮುದ್ರ ಅಲ್ಲೇ ಇತ್ತು. ಅದರಲ್ಲಿ ನೋಡಲಿಕ್ಕೆ ಏನಿದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಆ ನಡುವೆ ಒಂದು ಮಧ್ಯಾಹ್ನ ಮಳೆ ಬಂತು. ಒಳ್ಳೆಯ ಮಳೆ, ಚರಂಡಿ ತುಂಬಿ ಹರಿಯುವಂಥದ್ದು. ಮಳೆ ನಿಂತ ಕೂಡಲೇ ಸಿದ್ದು ಬೇಲಿಯ ಹತ್ತಿರ ಬಂದು ಕೂಗಿದ. "ಯೋಗಣ್ಣ, ನೋಡಿದ್ರಾ, ಬಂತಲ್ಲ ಮಳೆ. ಡೀಸೆಲ್ ಉಳೀತು."

ಯೋಗಾನಂದ ಬೇಲಿ ದಾಟಿ ಹೋಗಿ ಸಿದ್ದುವಿನ ಒಂದು ಗಿಡದ ರೆಂಬೆ ಬಗ್ಗಿಸಿ ನೋಡಿದ. ಮೊಗ್ಗುಗಳು ಬಿಸಿಲಿಗೆ ಸುಟ್ಟು ಕಂದಾಗಿದ್ದವು. ಹನಿಗಳು ಅವುಗಳ ಮೇಲೆ ನಿಂತಿದ್ದವು. ಬೆರಳು ತಾಗಿದ ಕಡೆ ಉದುರಿದವು. "ಈಗ ಬಂದು ಏನು ಬಂತೋ," ಅಂದ. "ಬೇಕಾದಾಗ ಬರ್ಲಿಲ್ಲ. ಈಗ ಎಷ್ಟು ಸುರಿದ್ರೂ..." ರೆಂಬೆ ಕೈಯಲ್ಲೇ ಇತ್ತು. ಲೋಟ ಹಿಡಿದುಕೊಂಡು ಹೆಂಡತಿ ಅವತ್ತು ಯಾಕೆ ಅಷ್ಟು ಹೊತ್ತು ನಿಂತಿದ್ದಳು ಅಂತ ಅವನಿಗೆ ಆಗ ತಿಳಿಯಿತು. ಮೆಣಸಿನ ಬುದ್ಧಿಯನ್ನು ಮೆಣಸಿಗೆ, ಕಾಫಿಯ ಬುದ್ಧಿಯನ್ನು ಕಾಫಿಗೆ ಸರಿಯಾಗಿ ಬಳಸಿದ ತಾನು ಕಟ್ಟಿಕೊಂಡವಳ ವಿಷಯದಲ್ಲಿ ಮಾತ್ರ ಕಾಫಿಯ ಬುದ್ಧಿ ಬೇಕಾದ ಕಡೆ ಮೆಣಸಿನ ಬುದ್ಧಿ ಬಳಸಿಬಿಟ್ಟೆನಲ್ಲ ಅಂದುಕೊಂಡ. ಯೋಗಣ್ಣ, ಏನಾಯ್ತು ಅಂತ ಸಿದ್ದು ಕೇಳುತ್ತಿದ್ದ. ಏನಿಲ್ಲ ಕಣೋ ಅಂತ ಹೇಳಿ ಮನೆಗೆ ಬಂದ.

ಹಡಗು ಹೊರಡುವ ದಿನ ಬಂತು. ಅವನ ತೋಟಕ್ಕೆ ಸರಿಯಾದ ಹೊತ್ತಿಗೆ ನೀರು ಸಿಕ್ಕಿತ್ತಲ್ಲ, ಅವತ್ತೇ ಬೆಳಿಗ್ಗೆ ಗುಡ್ಡದ ಆ ಮಗ್ಗುಲೆಲ್ಲ ಹೂವಾಗಿತ್ತು. ಕೆಳಗಿನ ಹಳ್ಳದಿಂದ ಮೇಲಿನ ಬೇಲಿಯವರೆಗೆ ಬಿಳಿ, ಎಲೆಯೇ ಕಾಣದಷ್ಟು ಬಿಳಿ. ಜಗುಲಿಗೆ ಅದರ ವಾಸನೆ ಬರುತ್ತಿತ್ತು, ಜೇನುಹುಳಗಳ ಸದ್ದೂ ಬರುತ್ತಿತ್ತು. ಬೇಲಿಯಾಚೆ ಸಿದ್ದುವಿನ ತೋಟ ಹಸಿರಾಗಿಯೇ ಇತ್ತು. ಸಂಜೆ ಗಂಡ ಹೆಂಡತಿ ಕಾಫಿ ಕುಡಿಯುತ್ತಾ ಕೂತರು. ಇಷ್ಟು ಹೊತ್ತಿಗೆ ಹಡಗು ಮುಂಬೈ ಬಿಟ್ಟಿರಬೇಕು, ತಮ್ಮಿಬ್ಬರ ಹೆಸರಿನ ರೂಮು ಬೀಗ ಹಾಕಿಕೊಂಡು ಹೋಗುತ್ತಿರಬೇಕು ಅಂತ ಯೋಗಾನಂದ ಲೆಕ್ಕ ಹಾಕುತ್ತಿದ್ದ. ಏನಾದರೂ ಮಾತಾಡಬೇಕು, ಹೇಗಾದರೂ ಒಂದು ದಾರಿ ಹುಡುಕಬೇಕು ಅನ್ನಿಸಿತು.

"ನೋಡೇ," ಅಂದ, ತೋಟದ ಕಡೆ ಕೈ ತೋರಿಸಿ. "ಸಮುದ್ರ ಇದ್ದಂಗೆ ಐತೆ, ಅಲ್ವಾ?"

ಸುಮಿತ್ರಮ್ಮ ಹೂವಿನ ಕಡೆ ನೋಡಿದಳು. ಅವನ ಸಮಾಧಾನಕ್ಕೆ ಹೂಂ ಅನ್ನಬಹುದಿತ್ತು. ಇಷ್ಟು ವರ್ಷ ಅಂದವಳೇ.

"ಇಲ್ಲ ಕಣ್ರೀ. ಸಮುದ್ರ ಹಿಂಗಿರಲ್ಲ."

"ಮತ್ತೆ ಹೆಂಗಿರ್ತೈತೆ?"

ಅವಳು ಹೇಳಲು ಹೊರಟಳು. ಕೈ ಎತ್ತಿ ಅಗಲವಾಗಿ ಏನೋ ತೋರಿಸಲು ನೋಡಿದಳು. ಎದುರಿಗೆ ಗುಡ್ಡ ಇತ್ತು. ಕೈ ಇಳಿಸಿದಳು.

"ಹೇಳಕ್ಕೆ ಬರಲ್ಲ. ಪಕ್ಕದಲ್ಲಿ ಇದ್ದಿದ್ರೆ ನಿಮಗೂ ಗೊತ್ತಾಗ್ತಿತ್ತು," ಅಂದಳು. ಅವನ ಖಾಲಿ ಲೋಟವನ್ನೂ ತೆಗೆದುಕೊಂಡು ಒಳಗೆ ಹೋದಳು.